ತನಿ ಸಿಗದ ಡ್ರಮ್ಮರ್

ರ‍್ಯಾಪ್ ಕಾರ್ಯಕ್ರಮಕ್ಕೆ ಡ್ರಮ್ಮರ್ ಬೇಕೇ ಬೇಕು ಅಂತೇನಿಲ್ಲ. ಒಬ್ಬ ಡಿಜೆ, ಒಬ್ಬಿಬ್ಬರು ಎಂಸಿಗಳು (ಅಂದರೆ ರ‍್ಯಾಪ್ ಮಾಡುವವರು), ಎರಡು ಮೈಕು ಇದ್ದರೆ ಸಂಜೆ ಕಳೆಯುತ್ತದೆ. ತಾಳವೆಲ್ಲ ಮೊದಲೇ ರೆಕಾರ್ಡ್ ಆಗಿ ಕೂತಿರುತ್ತದೆ, ಒತ್ತಿದರೆ ಬರುತ್ತದೆ. ಹಾಗಿದ್ದೂ ವೇದಿಕೆ ಹಿಂಭಾಗದಲ್ಲಿ ಪೂರ್ತಿ ಡ್ರಮ್ ಸೆಟ್ ಜೋಡಿಸಿ ಒಬ್ಬ ಮನುಷ್ಯನನ್ನು ಕೂರಿಸಿದ್ದಾರೆ ಅಂದರೆ ಏನೋ ಕಾರಣ ಇರಲೇಬೇಕು ಅಲ್ವಾ? ಆಸ್ಟ್ರೇಲಿಯಾದ ಅತಿ ದೊಡ್ಡ ಹಿಪ್‌ಹಾಪ್ ತಂಡ ಹಿಲ್‌ಟಾಪ್ ಹುಡ್ಸ್. ಅವರ ಲೈವ್ ಕಾರ್ಯಕ್ರಮಗಳಲ್ಲಿ ಹಾಗೆ ಹಿಂದೆ ಕೂತು ಬಾರಿಸಿದವನ ಹೆಸರು ಪ್ಲುಟೋನಿಕ್ ಲ್ಯಾಬ್. ಮನೆಯಲ್ಲಿಟ್ಟ ಹೆಸರು ಲೀ ರಯಾನ್. ಕೆಲಸದ ಊರು ಮೆಲ್ಬರ್ನ್.

ಅದೇ ಊರಲ್ಲಿ ನಾನೂ ಇದ್ದೇನೆ. ಇಲ್ಲಿಯ ರಸ್ತೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಈ ಹೆಸರು ಕೇಳಿದರೆ ಎಂಟೊಂಬತ್ತು ಜನ ತಲೆ ಅಲ್ಲಾಡಿಸುತ್ತಾರೆ. ಆದರೆ ಅದೇ ಜನಕ್ಕೆ ಅವನು ಬಾರಿಸಿದ ಸದ್ದು ಗೊತ್ತು. ನನಗೆ ಅವನಲ್ಲಿ ಕುತೂಹಲ ಹುಟ್ಟಿದ್ದೇ ಈ ಕಾರಣಕ್ಕೆ.

ಚಿಕ್ಕವನಿದ್ದಾಗ ಕೆಲವು ವರ್ಷ ಮೃದಂಗ ಕಲಿತಿದ್ದೆ. ವಿದ್ವಾಂಸ ಏನೂ ಆಗಲಿಲ್ಲ. ಆದರೆ ಆ ಪಾಠ ಕಿವಿಗೆ ಒಂದು ಚಾಳಿ ಅಂಟಿಸಿ ಹೋಯಿತು. ಹಾಡು ಯಾವುದೇ ಇರಲಿ, ಗಮನ ಮೊದಲು ಹೋಗುವುದು ಪಕ್ಕವಾದ್ಯದ ಕಡೆಗೆ. ಹಾಡುವವರು ಉಸಿರು ಎಳೆದುಕೊಂಡಾಗ ಮೃದಂಗದವರು ಏನು ಮಾಡಿದರು? ತುಂಬಿಸಿದರಾ, ಸುಮ್ಮನಿದ್ದರಾ? ಕಚೇರಿಯಲ್ಲಿ ಎರಡು ಗಂಟೆ ಹಾಡುಗಾರರನ್ನು ಹೊತ್ತು ನಡೆಸಿದವರಿಗೆ ಕೊನೆಗೆ ತಾವೇ ಮುಂದೆ ನಿಂತು ಬಾರಿಸಲು ತನಿ ಆವರ್ತನ ಅಂತ ಒಂದು ಸಿಗುತ್ತದೆ. (ಆ ಹೊತ್ತಿಗೆ ಅರ್ಧ ಸಭೆ ಕ್ಯಾಂಟೀನಿಗೆ ಎದ್ದು ಹೋಗಿರುತ್ತದೆ, ಅದು ಬೇರೆ ಮಾತು.) ಹಿಪ್‌ಹಾಪ್ ಡ್ರಮ್ಮರ್‌ಗೆ ಅದೂ ಇಲ್ಲ. ಪ್ರೊಡ್ಯೂಸರ್‌ಗಂತೂ ಎಷ್ಟೋ ಸಲ ವೇದಿಕೆಯೇ ಇಲ್ಲ. ಇಲ್ಲಿ ಪ್ರೊಡ್ಯೂಸರ್ ಅಂದರೆ ಸಿನಿಮಾದಲ್ಲಿ ದುಡ್ಡು ಹಾಕುವವರಲ್ಲ. ರ‍್ಯಾಪ್ ಸಾಲುಗಳನ್ನು ಬಿಟ್ಟು ಕೇಳಿಸುವ ಉಳಿದದ್ದನ್ನೆಲ್ಲ ಕಟ್ಟುವವರು. ಲೀ ರಯಾನ್ ಈ ಎರಡೂ ಕೆಲಸಗಳನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಮಾಡಿಕೊಂಡು ಬಂದಿದ್ದಾನೆ.

ಒಬ್ಬನೇ ಎರಡನ್ನೂ ಮಾಡುವುದರಲ್ಲಿ ಏನು ವಿಶೇಷ ಅಂತ ಅನ್ನಿಸಬಹುದು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಹಿಪ್‌ಹಾಪ್ ಶುರುವಾಗಿದ್ದೇ ಡ್ರಮ್ಮರ್‌ಗಳಿಂದ, ಆದರೆ ಅವರಿಗೆ ಗೊತ್ತಿಲ್ಲದ ಹಾಗೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡ ಒಂದು ಹಾಡು ರೆಕಾರ್ಡ್ ಮಾಡಿತು. ನಡುವೆ ಎಲ್ಲ ವಾದ್ಯಗಳೂ ನಿಂತು, ಗ್ರೆಗರಿ ಕೋಲ್ಮನ್ ಒಬ್ಬನೇ ನಾಲ್ಕು ಬಾರ್ (ನಮ್ಮ ಆವರ್ತದ ಹಾಗೆ) ಡ್ರಮ್ ಬಾರಿಸುತ್ತಾನೆ. ಏಳು ಸೆಕೆಂಡೂ ಇಲ್ಲ. ಆ ತುಣುಕಿಗೆ ಆಮೆನ್ ಬ್ರೇಕ್ ಅಂತ ಹೆಸರು ಬಿತ್ತು. ಮುಂದೆ ಸಾವಿರಾರು ಹಾಡುಗಳು ಅದನ್ನು ಎತ್ತಿಕೊಂಡವು. ಕೋಲ್ಮನ್ 2006ರಲ್ಲಿ ಮನೆಮಠ ಇಲ್ಲದೆ ಅಟ್ಲಾಂಟಾದಲ್ಲಿ ತೀರಿಕೊಂಡ. ಆ ತುಣುಕಿನಿಂದ ಅವನಿಗೆ ರಾಯಲ್ಟಿ ಅಂತ ಕಾಸು ಬರಲಿಲ್ಲ. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ಕಥೆಯೂ ಹೆಚ್ಚುಕಡಿಮೆ ಹೀಗೇ. 1970ರಲ್ಲಿ ಬಂದ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಅವನು ಬಾರಿಸಿದ್ದು ಜಗತ್ತಿನಲ್ಲಿ ಅತಿ ಹೆಚ್ಚು ಸಲ ನಕಲಾದ ತಾಳಗಳಲ್ಲಿ ಒಂದು. ಹಾಡು ಬರೆದವರ ಜಾಗದಲ್ಲಿ ಅವನ ಹೆಸರಿಲ್ಲ. ಹೆಸರಿಲ್ಲ ಅಂದ ಮೇಲೆ ಪಾಲೂ ಇಲ್ಲ.

ಹೀಗೆ ಡ್ರಮ್ಮರ್ ಬಾರಿಸಿದ್ದು ಎಲ್‌ಪಿ ರೆಕಾರ್ಡಿಗೆ ಹೋಯಿತು. ಆ ರೆಕಾರ್ಡನ್ನು ಯಾರೋ ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡರು. ಸ್ಯಾಂಪಲರ್ ಅನ್ನುವ ಯಂತ್ರಕ್ಕೆ ತುಂಬಿದರು. ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಬೇರೆ, ಸ್ನೇರ್ (ಖಡಕ್ ದನಿಯ ಸಣ್ಣ ಡ್ರಮ್) ಬೇರೆ, ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ಬೇರೆ ಅಂತ ಕತ್ತರಿಸಿ ರಬ್ಬರ್ ಪ್ಯಾಡುಗಳಿಗೆ ಹಂಚಿದರು. ಕಡ್ಡಿಯಲ್ಲಿ ಹೊಡೆದದ್ದನ್ನು ಈಗ ಬೆರಳಲ್ಲಿ ತಟ್ಟಿ ಹೊಸ ತಾಳ ಕಟ್ಟಿದರು. 1980ರ ದಶಕದ ಕೊನೆಗೆ ಇಡೀ ಕಲೆ ಹೀಗೆ ನಿಂತಿತ್ತು. ಎಲ್ಲಿ ನೋಡಿದರೂ ಡ್ರಮ್ಮು, ಡ್ರಮ್ಮರ್ ಮಾತ್ರ ಕೋಣೆಯಲ್ಲಿಲ್ಲ.

ಲೀ ರಯಾನ್‌ನಂಥವರು ಬರುವುದು ಇಲ್ಲಿಗೆ. ಅವನಿಗೆ ಪ್ಯಾಡ್ ತಟ್ಟುವುದೂ ಗೊತ್ತು, ಕಡ್ಡಿ ಹಿಡಿಯುವುದೂ ಗೊತ್ತು. ರೆಕಾರ್ಡಿನಿಂದ ಯಂತ್ರಕ್ಕೆ ಹೋದ ತಾಳವನ್ನು ಅವನು ಮತ್ತೆ ಕೈಗೆ ತರಬಲ್ಲ.

ಈಗ ಆಸ್ಟ್ರೇಲಿಯಾಕ್ಕೆ ಬರೋಣ. 2000ದ ಆಸುಪಾಸಿನಲ್ಲಿ ಇಲ್ಲಿಯ ಹಿಪ್‌ಹಾಪ್‌ಗೆ ದೊಡ್ಡ ಕಂಪನಿಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಮೆಲ್ಬರ್ನಿನ ಪ್ರಾನ್ ಬಡಾವಣೆಯಲ್ಲಿ ಒಬೀಸ್ ರೆಕಾರ್ಡ್ಸ್ ಅಂತ ಒಂದು ಅಂಗಡಿ. ಅದೇ ಅಂಗಡಿ ಬೆಳೆದು ಲೇಬಲ್ ಆಯಿತು. ಪೆಗ್ಸ್ ಅನ್ನುವ ರ‍್ಯಾಪರ್ ಅದನ್ನು ನಡೆಸುತ್ತಿದ್ದ. ರೆಕಾರ್ಡ್ ಮಾರುವವನೂ ಅವನೇ, ಹೊಸಬರ ಆಲ್ಬಂ ಹೊರಗೆ ತರುವವನೂ ಅವನೇ, ಸಮಯ ಸಿಕ್ಕರೆ ಹಾಡುವವನೂ ಅವನೇ. ಜೊತೆಗೆ ಟ್ರಿಪಲ್ ಆರ್, ಪಿಬಿಎಸ್ ಥರದ ಸಮುದಾಯ ರೇಡಿಯೋಗಳಿದ್ದವು. ದೇಶಕ್ಕೆಲ್ಲ ಕೇಳುವ ಟ್ರಿಪಲ್ ಜೆ ನಿಧಾನಕ್ಕೆ ಕಿವಿಗೊಡತೊಡಗಿತ್ತು.

ಆಗಿನ ದೊಡ್ಡ ಜಗಳ ಉಚ್ಚಾರಣೆಯದ್ದು. ಅದಕ್ಕಿಂತ ಮುಂಚೆ ಇಲ್ಲಿಯ ಹುಡುಗರಲ್ಲಿ ಎಷ್ಟೋ ಜನ ನ್ಯೂಯಾರ್ಕಿನವರ ಹಾಗೆ ಮಾತಾಡಿ ಹಾಡುತ್ತಿದ್ದರು. ಈ ತಲೆಮಾರು ಅದನ್ನು ಬಿಟ್ಟಿತು. ಮನೆಯಲ್ಲಿ, ಪಬ್ಬಿನಲ್ಲಿ ಮಾತಾಡುವ ಹಾಗೇ ರ‍್ಯಾಪ್ ಮಾಡುತ್ತೇವೆ ಅಂತ ಹಟ ಹಿಡಿಯಿತು. ಕೇಳುವವರಿಗೆ ಮೊದಮೊದಲು ನಗು. ಆಸ್ಟ್ರೇಲಿಯನ್ನರ ಸ್ವರಗಳು ಅಗಲ, ಎಳೆದ ಹಾಗೆ. ನನಗನ್ನಿಸುವಂತೆ ಈ ಮಾತಿನ ಕೆಳಗೆ ಅಮೆರಿಕದ ಬೀಟನ್ನು, ಅಂದರೆ ಮಾತಿನ ಕೆಳಗೆ ಓಡುವ ಸಂಗೀತವನ್ನು, ಇದ್ದ ಹಾಗೇ ಇಟ್ಟರೆ ಸರಿಯಾಗಿ ಕೂರುವುದಿಲ್ಲ. ಎಲ್ಲೋ ಸ್ವಲ್ಪ ಜಾಗ ಬಿಡಬೇಕು, ಎಲ್ಲೋ ಸ್ನೇರನ್ನು ಹಿಂದೆ ಎಳೆಯಬೇಕು. ಉಚ್ಚಾರಣೆ ಬದಲಿಸಿದ್ದಕ್ಕೆ ಹೊಗಳಿಕೆ ಎಂಸಿಗಳಿಗೆ ಸಿಕ್ಕಿತು. ಅದಕ್ಕೆ ಹೊಂದುವ ಹಾಗೆ ನೆಲ ಹದ ಮಾಡಿದ ಪ್ರೊಡ್ಯೂಸರ್‌ಗಳನ್ನು ಯಾರೂ ಅಷ್ಟಾಗಿ ನೆನೆಯಲಿಲ್ಲ.

2003ರಲ್ಲಿ ಹಿಲ್‌ಟಾಪ್ ಹುಡ್ಸ್ 'ದ ಕಾಲಿಂಗ್' ಆಲ್ಬಂ ತಂದರು. ಅವರು ಮೆಲ್ಬರ್ನಿನವರಲ್ಲ, ಸುಮಾರು 725 ಕಿಲೋಮೀಟರ್ ದೂರದ ಅಡಿಲೇಡಿನವರು. ಆದರೆ ಆಲ್ಬಂ ಬಂದದ್ದು ಒಬೀಸ್‌ನಿಂದಲೇ. ಆಸ್ಟ್ರೇಲಿಯನ್ ಹಿಪ್‌ಹಾಪ್‌ನಲ್ಲಿ ಪ್ಲಾಟಿನಂ ಮುಟ್ಟಿದ ಮೊದಲ ಆಲ್ಬಂ ಅದು. ಅಂದರೆ 70,000 ಪ್ರತಿ. ಆಗ ಇಡೀ ದೇಶದ ಜನಸಂಖ್ಯೆ ಎರಡು ಕೋಟಿ, ನಮ್ಮ ಬೆಂಗಳೂರು ಮತ್ತು ಸುತ್ತಲಿನ ಕೆಲವು ಜಿಲ್ಲೆ ಸೇರಿಸಿದಷ್ಟು. ಆ ಆಲ್ಬಂನ 'ದ ನೋಸ್‌ಬ್ಲೀಡ್ ಸೆಕ್ಷನ್' ಹಾಡು 2025ರಲ್ಲಿ ಟ್ರಿಪಲ್ ಜೆ ನಡೆಸಿದ ಆಸ್ಟ್ರೇಲಿಯನ್ ಹಾಡುಗಳ ಮತದಾನದಲ್ಲಿ ಎರಡನೇ ಸ್ಥಾನಕ್ಕೆ ಬಂತು. ಮೊದಲ ಸ್ಥಾನ ಇನ್‌ಎಕ್ಸ್‌ಎಸ್ ತಂಡದ ಹಾಡಿಗೆ. ಇಪ್ಪತ್ತೆರಡು ವರ್ಷದ ಹಳೇ ರ‍್ಯಾಪ್ ಹಾಡಿಗೆ ಅಂಥ ಜಾಗ!

ಇದೇ ಹೊತ್ತಿಗೆ, ಇದೇ ಒಬೀಸ್‌ನಲ್ಲಿ, ಮಫ್ ಎಂಡ್ ಪ್ಲುಟೋನಿಕ್ ಅನ್ನುವ ಜೋಡಿ. ಮಫ್ ಮೆಲ್ಬರ್ನಿನ ಎಂಸಿ. 2004ರಲ್ಲಿ 'ಹಂಗರ್ ಪೇನ್ಸ್', 2006ರಲ್ಲಿ 'ಸೈಲೆನ್ಸ್ ದ ಸೈರನ್ಸ್', 2008ರಲ್ಲಿ 'ಎಂಡ್ ದೆನ್ ಟುಮಾರೋ ಕೇಮ್'. ಎರಡೆರಡು ವರ್ಷಕ್ಕೊಂದರಂತೆ ಮೂರು ಆಲ್ಬಂ. ನಡುವೆ 2005ರಲ್ಲಿ ಪ್ಲುಟೋನಿಕ್ ಲ್ಯಾಬ್ ಹೆಸರಲ್ಲೇ 'ಕೋಡ್ಸ್ ಓವರ್ ಕಲರ್ಸ್'. ಲೆಕ್ಕ ಹಾಕಿದರೆ ನಾಲ್ಕು ವರ್ಷದಲ್ಲಿ ನಾಲ್ಕು ಆಲ್ಬಂಗಳ ಸಂಗೀತ. ಒಂದು ಆಲ್ಬಮ್ಮಿಗೆ ಹತ್ತು ಹನ್ನೆರಡು ಬೀಟ್ ಸೇರುತ್ತವೆ ಅಂದರೆ, ಸೇರದೆ ಬಿದ್ದುಹೋದ ಬೀಟ್‌ಗಳು ಅದರ ಹಲವು ಪಟ್ಟು ಇರುತ್ತವೆ. ಈ ಕಸುಬಿನಲ್ಲಿರುವ ಯಾರನ್ನು ಬೇಕಾದರೂ ಕೇಳಿ ನೋಡಿ.

ಮಫ್ ಹಾಡುವುದು ದಿನನಿತ್ಯದ ಬದುಕು. ಕೆಲಸ, ಗೆಳೆಯರು, ಕುಡಿತ, ದುಡ್ಡಿನ ಚಿಂತೆ. ಬಡಾಯಿ ಕಡಿಮೆ, ಕಥೆ ಜಾಸ್ತಿ. ಕಥೆ ಹೇಳುವವನ ಕೆಳಗೆ ಡ್ರಮ್ ಹೇಗಿರಬೇಕು? ಜೋರಾಗಿದ್ದರೆ ಮಾತು ಮುಳುಗುತ್ತದೆ. ಮೆತ್ತಗಿದ್ದರೆ ಕೇಳುವವನು ಫೋನ್ ನೋಡಲು ಶುರುಮಾಡುತ್ತಾನೆ. ಈ ಆಲ್ಬಂಗಳಲ್ಲಿ ನನಗೆ ಇಷ್ಟವಾಗುವುದು ಆ ಹದ. ಸೋಲ್ ಸಂಗೀತದ ಬಿಸುಪು ಇದೆ, ಸ್ನೇರ್ ಮಾತ್ರ ಖಡಕ್. ಸಾಲು ಮುಗಿಯುವ ಜಾಗದಲ್ಲಿ ಒಂದು ಸಣ್ಣ ತಿರುವು, ಮತ್ತೆ ಹಳೇ ದಾರಿ.

ಹದ ಅಂದೆನಲ್ಲ, ಅದನ್ನು ಅಳೆಯಲೂಬಹುದು. ಇಲ್ಲಿ ಸ್ವಲ್ಪ ತಾಳ್ಮೆ ಇರಲಿ.

ನಿಮಿಷಕ್ಕೆ 90 ಬೀಟ್ (ಇಲ್ಲಿ ಬೀಟ್ ಅಂದರೆ ತಾಳದ ಒಂದು ಎಣಿಕೆ) ವೇಗದ ಒಂದು ಹಾಡು ಇದೆ ಅಂದುಕೊಳ್ಳಿ. ಹಿಪ್‌ಹಾಪ್‌ಗೆ ಇದು ಮಾಮೂಲಿ ನಡೆ. ಆಗ ಒಂದು ಬೀಟ್ ಸುಮಾರು 667 ಮಿಲಿಸೆಕೆಂಡ್. ಅದನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು 167. ಹೈ-ಹ್ಯಾಟನ್ನು ಸರಿಯಾಗಿ ಆ 167ಕ್ಕೇ ಹೊಡೆದರೆ ಗಡಿಯಾರದ ಹಾಗೆ ಕೇಳುತ್ತದೆ. ತಪ್ಪೇನಿಲ್ಲ, ಆದರೆ ತಲೆ ತೂಗುವುದಿಲ್ಲ. 1988ರಲ್ಲಿ ಅಕಾಯ್ ಕಂಪನಿ ಎಂಪಿಸಿ60 ಅನ್ನುವ ಯಂತ್ರ ತಂದಿತು. ವಿನ್ಯಾಸ ರೋಜರ್ ಲಿನ್ ಅವರದ್ದು. ಹದಿನಾರು ಪ್ಯಾಡ್. ಅದರಲ್ಲಿ ಸ್ವಿಂಗ್ ಅಂತ ಒಂದು ಸೌಲಭ್ಯ, ಜೋಡಿ ಏಟಿನಲ್ಲಿ ಎರಡನೆಯದನ್ನು ತುಸು ತಡ ಮಾಡುವುದು, ಶೇಕಡಾ ಲೆಕ್ಕದಲ್ಲಿ. 50 ಅಂದರೆ ನೇರ. 66 ಅಂದರೆ ಹೆಚ್ಚುಕಡಿಮೆ ತಿಶ್ರದ ನಡೆ. ಒಳ್ಳೆ ಬೀಟ್‌ಗಳು ಇರುವುದು ಇವೆರಡರ ನಡುವೆ. 58ಕ್ಕೆ ಇಟ್ಟರೆ ಜೋಡಿಯ ಎರಡನೇ ಏಟು 167ರ ಬದಲು 193ರ ಹತ್ತಿರ ಬೀಳುತ್ತದೆ. ತಡ ಆಗಿದ್ದು ಸುಮಾರು 27 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೂ ಕೇಳುವವನ ಕತ್ತು ಅಲ್ಲಾಡಲು ಶುರುವಾಗುವುದು ಅಲ್ಲೇ.

ಯಂತ್ರ ಈ ತಡವನ್ನು ಪ್ರತಿ ಸಲವೂ ಒಂದೇ ಅಳತೆಯಲ್ಲಿ ಕೊಡುತ್ತದೆ. ಮನುಷ್ಯ ಹಾಗೆ ಮಾಡುವುದಿಲ್ಲ. ಒಮ್ಮೆ 24, ಒಮ್ಮೆ 30, ಹಾಡುಗಾರ ತುಸು ಓಡಿದರೆ 20. ಡೆಟ್ರಾಯಿಟ್‌ನ ಪ್ರೊಡ್ಯೂಸರ್ ಜೆ ಡಿಲ್ಲಾ, ಏಟುಗಳನ್ನು ತಾಳಕ್ಕೆ ಸರಿಪಡಿಸುವ ಯಂತ್ರದ ತಿದ್ದುಪಡಿಯನ್ನೇ ಆರಿಸಿ, ಬೆರಳು ಬಿದ್ದಲ್ಲೇ ಬೀಟ್ ಬಿಟ್ಟ ಅಂತ ಹೇಳುತ್ತಾರೆ. ಅಲ್ಲಿಂದ ಮುಂದೆ ಪ್ರಪಂಚದ ಪ್ರೊಡ್ಯೂಸರ್‌ಗಳೆಲ್ಲ ಮನುಷ್ಯನ ಹಾಗೆ ಕೇಳುವ ಯಂತ್ರಕ್ಕಾಗಿ ಹುಡುಕಾಡಿದರು. ಡ್ರಮ್ ಬಾರಿಸಿ ಬೆಳೆದವನಿಗೆ ಆ ಹುಡುಕಾಟ ಅರ್ಧ ಮುಗಿದ ಹಾಗೇ. ಅವನ ಮೈಯಲ್ಲೇ ಅದು ಇರುತ್ತದೆ.

ಇನ್ನೊಂದು ಲಾಭವೂ ಉಂಟು, ಅದು ದುಡ್ಡಿನದ್ದು. 1991ರಲ್ಲಿ ನ್ಯೂಯಾರ್ಕಿನ ಒಂದು ಕೋರ್ಟು ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟಿತು. ಗಿಲ್ಬರ್ಟ್ ಓ'ಸಲಿವನ್ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಬಳಸಿದ್ದಕ್ಕೆ. ಅಲ್ಲಿಂದ ತುಣುಕಿಗೆ ಅನುಮತಿ, ಅನುಮತಿಗೆ ಹಣ, ಹಣಕ್ಕೆ ವಕೀಲರು. ಸಣ್ಣ ಲೇಬಲ್‌ಗಳಿಗೆ ಇದು ತಲೆನೋವು. ಕೈಯಲ್ಲಿ ಕಡ್ಡಿ ಇರುವ ಪ್ರೊಡ್ಯೂಸರ್ ತನಗೆ ಬೇಕಾದ ಬ್ರೇಕನ್ನು, ಅಂದರೆ ಡ್ರಮ್ ತುಣುಕನ್ನು, ತಾನೇ ಬಾರಿಸಿಕೊಳ್ಳಬಹುದು. ಸ್ನೇರ್ ಮೇಲೆ ಒಂದು ಬಟ್ಟೆ ಹಾಸಿ ಅದರ ಕಿಣಿಕಿಣಿ ಅಡಗಿಸುವುದು, ಮೈಕು ಒಂದೋ ಎರಡೋ ಮಾತ್ರ ಇಡುವುದು, ರೆಕಾರ್ಡ್ ಮಾಡಿ ಶ್ರುತಿ ತುಸು ಇಳಿಸುವುದು. ಸ್ಯಾಂಪಲರ್ ಒಳಗೆ ಹೋಗಿ ಹೊರಗೆ ಬಂದಾಗ 1970ರ ಧೂಳು ಹಿಡಿದ ರೆಕಾರ್ಡಿನ ಹಾಗೇ ಕೇಳುತ್ತದೆ. ಯಾರಿಗೂ ಕಾಸು ಕೊಡಬೇಕಿಲ್ಲ. ಕೋಲ್ಮನ್‌ಗೆ ಆದ ಅನ್ಯಾಯವೂ ಇಲ್ಲಿಲ್ಲ, ಏಕೆಂದರೆ ಬಾರಿಸಿದವನೂ ಕತ್ತರಿಸಿದವನೂ ಒಬ್ಬನೇ.

ಇನ್ನು ವೇದಿಕೆ. ಹಿಲ್‌ಟಾಪ್ ಹುಡ್ಸ್ ಹಾಡುಗಳ ಬೀಟ್‌ಗಳನ್ನು ಬಹುಪಾಲು ಕಟ್ಟುವುದು ಆ ತಂಡದ ಸಫಾ. ಅಂದರೆ ಅಲ್ಲಿ ಲೀ ರಯಾನ್ ಬಾರಿಸುವುದು ತನ್ನದಲ್ಲದ ತಾಳ. ಜನ ಆ ಹಾಡುಗಳನ್ನು ಕಾರಲ್ಲಿ, ಅಡುಗೆಮನೆಯಲ್ಲಿ ನೂರಾರು ಸಲ ಕೇಳಿ ಬಂದಿರುತ್ತಾರೆ. ಬೇರೆ ಥರ ಬಾರಿಸಿದರೆ ಮುಖ ಸಿಂಡರಿಸುತ್ತಾರೆ. ಅದೇ ಥರ ಬಾರಿಸಿದರೆ, ಡ್ರಮ್ಮರ್ ಯಾಕೆ ಬೇಕಿತ್ತು ಅನ್ನುತ್ತಾರೆ. ಇಂಥ ಕಾರ್ಯಕ್ರಮಗಳಲ್ಲಿ ರೆಕಾರ್ಡಿನ ಟ್ರ್ಯಾಕೂ ಓಡುತ್ತಿರುತ್ತದೆ, ಮೇಲೆ ಡ್ರಮ್ಮೂ ಇರುತ್ತದೆ. ಟ್ರ್ಯಾಕಿನ ಕಿಕ್ಕಿಗೂ ಕಾಲಿನ ಕಿಕ್ಕಿಗೂ ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಸಾಕು, 'ಧಂ' ಅನ್ನುವ ಬದಲು 'ಧ್-ಧಂ' ಅಂತ ಎರಡು ಏಟು ಕೇಳುತ್ತದೆ. ದೊಡ್ಡ ಸ್ಪೀಕರ್‌ಗಳಲ್ಲಿ ಅದು ಅಸಹ್ಯ. ಅದಕ್ಕೇ ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ ಇರುತ್ತದೆ. ಟಿಕ್ ಟಿಕ್ ಅಂತ ನಿಲ್ಲದ ಆ ಸದ್ದಿಗೆ ಅಂಟಿಕೊಂಡೇ, ಅಂಟಿಕೊಂಡಿಲ್ಲ ಅನ್ನುವ ಹಾಗೆ ಬಾರಿಸಬೇಕು. ಸಫಾ ತನ್ನ ಬೀಟಿನಲ್ಲಿ ಸ್ವಿಂಗ್ ಎಷ್ಟಿಟ್ಟಿದ್ದಾನೆ, ಸ್ನೇರನ್ನು ಎಷ್ಟು ಎಳೆದಿದ್ದಾನೆ ಅನ್ನುವುದು ಒಬ್ಬ ಪ್ರೊಡ್ಯೂಸರ್‌ಗೆ ಬೇಗ ಹತ್ತುತ್ತದೆ. ಬರೀ ಡ್ರಮ್ಮರ್ ಆಗಿದ್ದರೆ ಹಾಡು ಕಲಿಯುತ್ತಿದ್ದ. ಇವನು ಬೀಟ್ ಕಟ್ಟಿದವನ ಮನಸ್ಸನ್ನೂ ಓದಬಲ್ಲ.

ಇಂಥ ಕಡೆ ನಾನು ಎಂಸಿಗಳನ್ನು ಬಿಟ್ಟು ಡ್ರಮ್ಮರ್ ಎಡಗೈ ನೋಡುತ್ತಾ ನಿಲ್ಲುತ್ತೇನೆ. ಹಾಡುವವರು ಕೊನೇ ಸಾಲನ್ನು ಜನಕ್ಕೆ ಬಿಟ್ಟುಕೊಟ್ಟಾಗ ಟ್ರ್ಯಾಕ್ ನಿಲ್ಲುತ್ತದೆ. ಹತ್ತು ಸಾವಿರ ಜನ ಕೂಗುತ್ತಾರೆ. ಕೂಗುವ ಜನಕ್ಕೆ ಕ್ಲಿಕ್ ಕೇಳಿಸುವುದಿಲ್ಲ, ಅವರು ಓಡುತ್ತಾರೆ, ಇಲ್ಲ ಎಳೆಯುತ್ತಾರೆ. ಆಗ ಸ್ನೇರ್ ಅಂಚಿನ ಮೇಲೆ ಎಡಗೈ ಕಡ್ಡಿ ಸಣ್ಣಗೆ ಟಕ್ ಟಕ್ ಅನ್ನುತ್ತಿರುತ್ತದೆ. ಇಡೀ ಮೈದಾನ ಮತ್ತೆ ಸರಿಯಾದ ಜಾಗಕ್ಕೆ ಬರುವುದು ಆ ಟಕ್‌ನಿಂದ. ಡಿಜೆ ಇದನ್ನು ಮಾಡಲಾರ. ಡ್ರಮ್ಮರ್ ಯಾಕೆ ಬೇಕು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇಷ್ಟೇ.

ಹೊಟ್ಟೆಪಾಡಿನ ವಿಷಯಕ್ಕೆ ಬಂದರೆ, ಇಷ್ಟು ಸಣ್ಣ ಜನಸಂಖ್ಯೆಯ ದೇಶದಲ್ಲಿ ಬರೀ ಬೀಟ್ ಮಾಡಿ ಬದುಕುವುದು ಕಷ್ಟ. ಊರಿಂದ ಊರಿಗೆ ವಿಮಾನವೇ ಗತಿ, ಪ್ರವಾಸದ ಖರ್ಚೇ ಜಾಸ್ತಿ. ಆದ್ದರಿಂದ ಇಲ್ಲಿಯ ಸಂಗೀತಗಾರರು ಒಂದೇ ಟೋಪಿ ಹಾಕಿಕೊಂಡು ಕೂರುವುದಿಲ್ಲ. ಪ್ಲುಟೋನಿಕ್ ಲ್ಯಾಬ್ ಬ್ಲೂ ಮೌಂಟನ್ಸ್ ಕಡೆಯ ಎಂಸಿ ಡಯಲೆಕ್ಟ್ರಿಕ್ಸ್ ಜೊತೆ ಕೆಲಸ ಮಾಡಿದ. 2013ರ 'ದ ಕೋಲ್ಡ್ ಲೈಟ್ ಆಫ್ ಡೇ' ಆಲ್ಬಂ ಅವರದ್ದು. ಮಫ್ ನಿಧಾನದ ಕಥೆಗಾರನಾದರೆ ಡಯಲೆಕ್ಟ್ರಿಕ್ಸ್ ಮಾತು ಮಳೆ ಸುರಿದ ಹಾಗೆ. ಅಷ್ಟು ವೇಗದ ಮಾತಿನ ಕೆಳಗೆ ಡ್ರಮ್ ಬೇರೆ ಥರವೇ ಇರಬೇಕು. ಇಬ್ಬರಿಗೂ ಹೊಂದಿಕೊಂಡ ಅನ್ನುವುದೇ ನನ್ನ ಮಟ್ಟಿಗೆ ಈತನ ದೊಡ್ಡ ಪ್ರಮಾಣಪತ್ರ.

ಆ ಕಾಲದ ಆಸ್ಟ್ರೇಲಿಯನ್ ಹಿಪ್‌ಹಾಪ್ ಬಗ್ಗೆ ಒಂದು ತಕರಾರು ಹೇಳದೆ ಇರಲಾರೆ. ರೇಡಿಯೋದಲ್ಲಿ ಮೆರೆದದ್ದು ಹೆಚ್ಚಾಗಿ ಬಿಳಿಯ, ಬಡಾವಣೆಯ ಹುಡುಗರ ದನಿ. 2004ರಲ್ಲಿ ಏರಿಯಾ ಅನ್ನುವ ಆಸ್ಟ್ರೇಲಿಯಾದ ಸಂಗೀತ ಪ್ರಶಸ್ತಿಯ ಮೊದಲ ಅರ್ಬನ್ ವಿಭಾಗವನ್ನು ಗೆದ್ದದ್ದು ಕ್ಯಾನ್‌ಬೆರಾದ ಕೂಲಿಸಂ. ಅದರ ಎಂಸಿ ಹಾವ್ ಟೋಂಗಾ ಮೂಲದವನು. ಆದರೂ ಮೂಲನಿವಾಸಿಗಳಿಗೆ, ವಲಸೆ ಬಂದವರ ಮಕ್ಕಳಿಗೆ ಬಾಗಿಲು ತೆರೆದದ್ದು ತಡವಾಗಿ. ಶೆಪರ್ಟನ್‌ನ ಯೋರ್ಟಾ ಯೋರ್ಟಾ ಮೂಲನಿವಾಸಿ ಸಮುದಾಯದ ರ‍್ಯಾಪರ್ ಬ್ರಿಗ್ಸ್, ಟ್ರಯಲ್ಸ್ ಜೊತೆ ಸೇರಿ ಎ.ಬಿ. ಒರಿಜಿನಲ್ ಹೆಸರಲ್ಲಿ 2016ರಲ್ಲಿ ಗುಡುಗಿದ ಮೇಲೆ ಗಾಳಿ ಬದಲಾಯಿತು. ಆಮೇಲೆ ಪಶ್ಚಿಮ ಸಿಡ್ನಿಯಿಂದ ಒನ್‌ಫೋರ್ ಬಂದರು, ಡ್ರಿಲ್ ಅನ್ನುವ ಹೊಸ ರ‍್ಯಾಪ್ ಶೈಲಿ ಬಂತು. ಸದ್ದೂ ಬದಲಾಯಿತು. ಈಗ ಎಲ್ಲೆಲ್ಲೂ 808 ಅನ್ನುವ ಡ್ರಮ್ ಯಂತ್ರದ ಬೇಸ್, ಮಿಷನ್‌ಗನ್ನಿನಂಥ ಹೈ-ಹ್ಯಾಟ್. ರೋಲಂಡ್ ಕಂಪನಿಯ ಆ ಯಂತ್ರ 1980ರಲ್ಲಿ ಬಂದು, ಓಡದೆ, 1983ಕ್ಕೇ ನಿಂತುಹೋಗಿತ್ತು! ಈಗ ಅದರ ದನಿಯೇ ರಾಜ. ಹೊಸ ಹುಡುಗರಿಗೆ ಮನುಷ್ಯ ಬಾರಿಸಿದ ಸ್ನೇರ್ ಅಪ್ಪನ ಕಾಲದ್ದು ಅನ್ನಿಸಿದರೆ ಆಶ್ಚರ್ಯ ಇಲ್ಲ.

ಅದೇ 2016ರಲ್ಲಿ ಪ್ಲುಟೋನಿಕ್ ಲ್ಯಾಬ್ ತನ್ನ ಹೆಸರಲ್ಲಿ 'ಡೀಪ್ ಎಬವ್ ದ ನಾಯ್ಸ್' ತಂದ. ಹೊಸ ಫ್ಯಾಷನ್ನಿನ ಹಿಂದೆ ಓಡಿಲ್ಲ. ಹಳೇದನ್ನು ಹಿಡಿದುಕೊಂಡು ಗೋಳಾಡಿಯೂ ಇಲ್ಲ. ಹಲವರು ಬಂದು ಹಾಡಿದ್ದಾರೆ, ಆದರೆ ಮನೆ ಯಾರದ್ದು ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಕೇಳಲು ಶುರುಮಾಡುವವರಿಗೆ ನನ್ನ ಸಲಹೆ: ಮೊದಲು 'ಸೈಲೆನ್ಸ್ ದ ಸೈರನ್ಸ್', ಆಮೇಲೆ 'ದ ಕೋಲ್ಡ್ ಲೈಟ್ ಆಫ್ ಡೇ', ಕೊನೆಗೆ 'ಡೀಪ್ ಎಬವ್ ದ ನಾಯ್ಸ್'. ಮೊದಲ ಸಲ ಕೇಳುವಾಗ ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ, ಆಸ್ಟ್ರೇಲಿಯನ್ ಇಂಗ್ಲಿಷ್ ನಮ್ಮಲ್ಲಿ ಎಷ್ಟೋ ಜನರಿಗೆ ಇಲ್ಲಿ ವರ್ಷಗಟ್ಟಲೆ ಇದ್ದ ಮೇಲೂ ಹತ್ತುವುದಿಲ್ಲ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಕಿಕ್ಕೇ ಬರುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ, ಸ್ನೇರ್ ಎಲ್ಲಿ ಬೀಳುತ್ತದೆ ನೋಡಿ.